ಕಾರ್ಡ್ ಹೊಸದು, ಆಟ ಮಾತ್ರ ಹಾಗೇ: ಒಂದು ಪ್ರೊಸೆಸರ್ ಆಯ್ಕೆಯ ಪ್ರಕರಣ

ಇದು 2024ರ ಕೊನೆಯ ಪ್ರಕರಣ. ಕಂಪ್ಯೂಟರ್ ನನ್ನ ಚಿಕ್ಕಮ್ಮನ ಮಗನದು. ಒಳಗಿದ್ದದ್ದು ಎಎಂಡಿ ರೈಜನ್ 5 2600 ಪ್ರೊಸೆಸರ್, ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ತಲಾ 8 ಜಿಬಿಯ ಎರಡು ಡಿಡಿಆರ್4 ರ್ಯಾಮ್. ಗ್ರಾಫಿಕ್ಸ್ ಕಾರ್ಡ್ ಮಾತ್ರ ಹೊಸದು. ಹಳೆಯ ಜಿಟಿಎಕ್ಸ್ 1660 ಸೂಪರ್ ತೆಗೆದು ಆರ್‌ಟಿಎಕ್ಸ್ 4060 ಹಾಕಿಸಿದ್ದ. ಮಾನಿಟರ್ 1080ಪಿ, 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು.

ಸೈಬರ್‌ಪಂಕ್ 2077 ಆಡಿದಾಗ ಹೊಸ ಕಾರ್ಡಿನ ಗುಣ ಚೆನ್ನಾಗಿ ಕಂಡಿತು. ಆದರೆ ಅವನು ದಿನಾ ಆಡುವುದು ಕೌಂಟರ್-ಸ್ಟ್ರೈಕ್ 2. ಅಲ್ಲಿ ಏನೂ ಬದಲಾಗಿರಲಿಲ್ಲ. ಖಾಲಿ ಜಾಗದಲ್ಲಿ ಓಡುವಾಗ ಎಲ್ಲ ನುಣುಪು. ನಾಲ್ಕೈದು ಜನ ಒಂದೇ ಕಡೆ ಸೇರಿ, ಹೊಗೆ ಬಾಂಬ್ ಬಿದ್ದು, ಗುಂಡು ಹಾರುವ ಹೊತ್ತಿಗೆ ಆಟ ತಡವರಿಸುತ್ತಿತ್ತು. ಗೆಲ್ಲುವುದೋ ಸೋಲುವುದೋ ತೀರ್ಮಾನವಾಗುವುದು ಅದೇ ಕ್ಷಣದಲ್ಲಿ, ಅಲ್ವಾ?

"ಅಣ್ಣಾ, ಪ್ರೊಸೆಸರ್ ಬದಲಾಯಿಸಿಬಿಡ್ಲಾ? ಯಾವುದು ತಗೊಳ್ಳಲಿ ಹೇಳು" ಅಂತ ಕೇಳಿದ. ಕೈಯಲ್ಲಿ ಒಂದು ಪಟ್ಟಿಯೂ ಇತ್ತು: ರೈಜನ್ 5 7600, ರೈಜನ್ 5 9600ಎಕ್ಸ್, ಇಂಟೆಲ್ ಕೋರ್ ಐ5-14600ಕೆ. ಮೂರೂ ಒಳ್ಳೆಯವೇ. ಮೂರಕ್ಕೂ ಹೊಸ ಮದರ್‌ಬೋರ್ಡ್ ಬೇಕು. ಮೊದಲ ಎರಡಕ್ಕೆ ರ್ಯಾಮ್ ಕೂಡ ಹೊಸದೇ ಆಗಬೇಕು.

ಪಟ್ಟಿಯನ್ನು ಪಕ್ಕಕ್ಕಿಡು, ಮೊದಲು ಆಟ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ನೋಡೋಣ ಎಂದೆ. ಮಧ್ಯಮ ದರ್ಜೆಯ ಪ್ರೊಸೆಸರ್ ಕೊಳ್ಳುವವರು ಬಹಳಷ್ಟು ಜನ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ತಡೆ ಎಲ್ಲಿದೆ?

"ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಅರ್ಧಕ್ಕಿಂತ ಕಡಿಮೆ ತೋರಿಸುತ್ತೆ. ಹಾಗಾದ್ರೆ ಪ್ರೊಸೆಸರ್‌ದು ತಪ್ಪಿಲ್ಲ ಅಲ್ವಾ?" ಅನ್ನುವುದು ಅವನ ಅನುಮಾನ. ನ್ಯಾಯವಾದ ಅನುಮಾನವೇ. ಆದರೆ ಆ ಅಂಕಿ ಎಲ್ಲ ಥ್ರೆಡ್‌ಗಳ ಸರಾಸರಿ. 2600ರಲ್ಲಿ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಇವೆ. ಒಂದು ಥ್ರೆಡ್ ಪೂರ್ತಿ ದುಡಿದು ಸುಸ್ತಾದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8ರಷ್ಟೇ. ಆಟಗಳಲ್ಲಿ ಒಂದು ಮುಖ್ಯ ಥ್ರೆಡ್ ಇರುತ್ತದೆ. ಮೌಸ್-ಕೀಬೋರ್ಡ್ ಏನು ಹೇಳಿತು ಎಂದು ನೋಡುವುದು, ಯಾರು ಎಲ್ಲಿದ್ದಾರೆ ಎಂದು ಲೆಕ್ಕ ಹಾಕುವುದು, ಮುಂದಿನ ಚಿತ್ರದಲ್ಲಿ ಏನೇನು ಬರೆಯಬೇಕು ಎಂದು ಗ್ರಾಫಿಕ್ಸ್ ಕಾರ್ಡಿಗೆ ಆದೇಶ ಕಳಿಸುವುದು, ಇದರಲ್ಲಿ ಬಹುಪಾಲು ಅದರ ತಲೆಯ ಮೇಲೇ. ಆ ಥ್ರೆಡ್ ತಡವಾದರೆ ಉಳಿದವು ಖಾಲಿ ಕೂತಿದ್ದರೂ ಪ್ರಯೋಜನವಿಲ್ಲ.

ಹಾಗಾಗಿ ನೋಡಬೇಕಾದದ್ದು ಗ್ರಾಫಿಕ್ಸ್ ಕಾರ್ಡಿನ ಬಳಕೆ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ ಆಟದ ಮೇಲೇ ಅಂಕಿ ಬರುವಂತೆ ಮಾಡಿದೆವು. ಸೈಬರ್‌ಪಂಕ್‌ನಲ್ಲಿ ಕಾರ್ಡ್ ಶೇ. 97-98ರಲ್ಲಿ ದುಡಿಯುತ್ತಿತ್ತು. ಅಂದರೆ ಅಲ್ಲಿ ಮಿತಿ ಕಾರ್ಡಿನದು. ಕೌಂಟರ್-ಸ್ಟ್ರೈಕ್‌ನಲ್ಲಿ ಗಲಾಟೆ ಶುರುವಾದ ತಕ್ಷಣ ಅದೇ ಕಾರ್ಡ್ ಶೇ. 50ರ ಆಸುಪಾಸಿಗೆ ಇಳಿಯುತ್ತಿತ್ತು. ಕೆಲಸ ಬಾರದೆ ಕಾಯುತ್ತಿತ್ತು.

ಖಚಿತ ಮಾಡಿಕೊಳ್ಳಲು ಇನ್ನೊಂದು ಸುಲಭ ಪರೀಕ್ಷೆ ಇದೆ. ರೆಸಲ್ಯೂಶನ್ ಇಳಿಸುವುದು. 1080ಪಿಯಿಂದ 720ಪಿಗೆ ಬಂದರೆ ಗ್ರಾಫಿಕ್ಸ್ ಕಾರ್ಡ್ ಬರೆಯಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಪ್ರೊಸೆಸರ್ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಫ್ರೇಮ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಜಾಸ್ತಿಯಾದರೆ ತಡೆ ಕಾರ್ಡಿನಲ್ಲಿತ್ತು. ಜಾಸ್ತಿಯಾಗದಿದ್ದರೆ ತಡೆ ಪ್ರೊಸೆಸರ್ ಕಡೆ. ಸೈಬರ್‌ಪಂಕ್‌ನಲ್ಲಿ ಫ್ರೇಮ್ ಚೆನ್ನಾಗಿ ಏರಿತು. ಕೌಂಟರ್-ಸ್ಟ್ರೈಕ್‌ನಲ್ಲಿ ಅಲುಗಾಡಲಿಲ್ಲ.

ಸರಾಸರಿ ಫ್ರೇಮ್ ನೋಡಿ ಮೋಸ ಹೋಗಬಾರದು. ಅವನ ಸರಾಸರಿ 130ರ ಹತ್ತಿರ ಇತ್ತು. ಕೇಳಲು ಚೆನ್ನಾಗಿದೆ. ಆದರೆ ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ತಂತ್ರಾಂಶದಲ್ಲಿ ದಾಖಲಿಸಿ ನೋಡಿದಾಗ ಅತಿ ನಿಧಾನದ ಶೇ. 1ರಷ್ಟು ಫ್ರೇಮ್‌ಗಳು 70ರ ಆಸುಪಾಸಿನಲ್ಲಿದ್ದವು. ಸಮಯದ ಲೆಕ್ಕದಲ್ಲಿ ಇದು ಇನ್ನೂ ಸ್ಪಷ್ಟ. 144 ಹರ್ಟ್ಸ್ ಮಾನಿಟರ್‌ಗೆ ಪ್ರತಿ 6.9 ಮಿಲಿಸೆಕೆಂಡಿಗೆ ಒಂದು ಚಿತ್ರ ಬೇಕು. 70 ಫ್ರೇಮ್ ಅಂದರೆ ಒಂದೊಂದಕ್ಕೆ 14 ಮಿಲಿಸೆಕೆಂಡ್‌ಗಿಂತ ಜಾಸ್ತಿ. ಏಳರಲ್ಲಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಹದಿನಾಲ್ಕಾದರೆ ಕಣ್ಣಿಗೆ ತಿಳಿಯುತ್ತದೆ, ಕೈಗೂ ತಿಳಿಯುತ್ತದೆ. ಅವನು ತಡವರಿಕೆ ಅಂತ ಹೇಳುತ್ತಿದ್ದದ್ದು ಇದನ್ನೇ. ಆಮೇಲಿನ ಪ್ರತಿ ತೀರ್ಮಾನದಲ್ಲೂ ನಾವು ನೋಡಿದ್ದು ಈ ನಿಧಾನದ ಶೇ. 1ರ ಅಂಕಿಯನ್ನು, ಸರಾಸರಿಯನ್ನಲ್ಲ.

ಖರ್ಚಿಲ್ಲದ ತಿದ್ದುಪಡಿ

ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ತೆರೆದಾಗ ಇನ್ನೊಂದು ವಿಷಯ ಸಿಕ್ಕಿತು. ರ್ಯಾಮ್ ಮೇಲೆ ವೇಗ 3200 ಅಂತ ಬರೆದಿದೆ, ಓಡುತ್ತಿದ್ದದ್ದು 2400ರಲ್ಲಿ. ಇದು ಯಾರ ತಪ್ಪೂ ಅಲ್ಲ. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ನಾವಾಗಿ ಆನ್ ಮಾಡುವ ತನಕ ಮದರ್‌ಬೋರ್ಡ್ ರ್ಯಾಮನ್ನು ಸುರಕ್ಷಿತವಾದ ಕಡಿಮೆ ವೇಗದಲ್ಲೇ ಓಡಿಸುತ್ತದೆ. ಎಷ್ಟೋ ಕಂಪ್ಯೂಟರ್‌ಗಳು ವರ್ಷಗಟ್ಟಲೆ ಹಾಗೇ ಓಡುತ್ತಿರುತ್ತವೆ.

ರೈಜನ್‌ನಲ್ಲಿ ಇದರ ಪೆಟ್ಟು ಸ್ವಲ್ಪ ಜಾಸ್ತಿ. ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಅನ್ನುವ ದಾರಿ, ಈ ಪೀಳಿಗೆಯಲ್ಲಿ ರ್ಯಾಮ್ ವೇಗದ ಜೊತೆಗೇ ಏರುತ್ತದೆ, ಇಳಿಯುತ್ತದೆ. ರ್ಯಾಮ್ ನಿಧಾನವಾದರೆ ಒಳಗಿನ ದಾರಿಯೂ ನಿಧಾನ. 2600ಕ್ಕೆ ಎಎಂಡಿ ಹೇಳಿರುವ ಮಿತಿ 2933. ಅಷ್ಟಕ್ಕೇ ಹೊಂದಿಸಿದೆವು. ರ್ಯಾಮ್ ಎರಡೂ ಸರಿಯಾದ ಸ್ಲಾಟ್‌ಗಳಲ್ಲೇ ಇದ್ದವು, ಎರಡು ಚಾನೆಲ್, ಅಂದರೆ ರ್ಯಾಮ್‌ನಿಂದ ಮಾಹಿತಿ ಬರುವ ಎರಡೂ ದಾರಿ, ಕೆಲಸ ಮಾಡುತ್ತಿದ್ದವು.

ಆ ನಿಧಾನದ ಶೇ. 1ರ ಅಂಕಿ 80ರ ಹತ್ತಿರ ಬಂತು. ತಡವರಿಕೆ ಹೋಗಲಿಲ್ಲ, ತಗ್ಗಿತು. ಖರ್ಚು ಏನೂ ಇಲ್ಲ. ಅದಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ರ್ಯಾಮ್ ಸ್ವಲ್ಪ ಚುರುಕಾದರೆ ಸಾಕು, ಆಟ ಚುರುಕಾಗುತ್ತದೆ. ಅಂದರೆ ಪ್ರೊಸೆಸರ್ ಲೆಕ್ಕ ಮಾಡಲಾಗದೆ ನಿಂತಿಲ್ಲ, ಮಾಹಿತಿಗಾಗಿ ಕಾದು ನಿಂತಿದೆ. ಆಯ್ಕೆಯ ದಿಕ್ಕು ತಿರುಗಿದ್ದು ಇಲ್ಲೇ.

ಗಿಗಾಹರ್ಟ್ಸ್ ಅಲ್ಲ, ಕ್ಯಾಶ್ ಮೆಮೊರಿ

ಪ್ರೊಸೆಸರ್ ರ್ಯಾಮ್‌ಗೆ ಹೋಗಿ ಒಂದು ಮಾಹಿತಿ ತರಲು ಸುಮಾರು 70-80 ನ್ಯಾನೋಸೆಕೆಂಡ್ ಬೇಕು. ಕೇಳಲು ಏನೂ ಅಲ್ಲ. ಆದರೆ 4 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 400 ಕೋಟಿ ಸುತ್ತುಗಳಂತೆ, ಓಡುವ ಕೋರ್‌ಗೆ ಅದು ಸುಮಾರು 300 ಸುತ್ತುಗಳ ಕಾಯುವಿಕೆ. ಬೇಕಾದದ್ದು ಪ್ರೊಸೆಸರ್ ಒಳಗಿನ ಪುಟ್ಟ, ಚುರುಕಾದ ಎಲ್3 ಕ್ಯಾಶ್ ಮೆಮೊರಿಯಲ್ಲೇ ಇದ್ದರೆ ಹತ್ತು-ಹನ್ನೆರಡು ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. ಬಡಗಿಗೆ ಉಳಿ ಕೈಯಳತೆಯಲ್ಲಿದ್ದರೆ ಒಂದು ಲೆಕ್ಕ, ಪ್ರತಿ ಸಲ ಹಿತ್ತಲ ಕೋಣೆಗೆ ಹೋಗಿ ತರಬೇಕಾದರೆ ಇನ್ನೊಂದು ಲೆಕ್ಕ.

ವಿಡಿಯೋ ಕುಗ್ಗಿಸುವಂಥ ಕೆಲಸದಲ್ಲಿ ಮುಂದೆ ಯಾವ ಮಾಹಿತಿ ಬೇಕು ಅಂತ ಪ್ರೊಸೆಸರ್ ಊಹಿಸಬಲ್ಲದು, ಮೊದಲೇ ತಂದಿಟ್ಟುಕೊಳ್ಳಬಲ್ಲದು. ಆಟಗಳಲ್ಲಿ ಅದು ಕಷ್ಟ. ಆಟಗಾರ ಯಾವ ಕಡೆ ತಿರುಗುತ್ತಾನೆ, ಯಾವ ಬಾಗಿಲ ಹಿಂದೆ ಯಾರಿದ್ದಾರೆ, ಮಾಹಿತಿ ರ್ಯಾಮ್‌ನಲ್ಲಿ ಎಲ್ಲೆಲ್ಲೋ ಚದುರಿರುತ್ತದೆ. ಅದಕ್ಕೇ ಆಟಗಳಿಗೆ ದೊಡ್ಡ ಕ್ಯಾಶ್ ಇಷ್ಟೊಂದು ಒಗ್ಗುವುದು.

ಈ ಕಣ್ಣಿನಿಂದ ನೋಡಿದರೆ 2600ರ ಕಷ್ಟ ಅರ್ಥವಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಬಂದ ಪ್ರೊಸೆಸರ್ ಅದು. ಎಲ್3 ಕ್ಯಾಶ್ 16 ಎಂಬಿ. ಅದೂ ಒಟ್ಟಿಗಿಲ್ಲ. ಮೂರು ಮೂರು ಕೋರ್‌ಗಳ ಎರಡು ಗುಂಪು, ಗುಂಪಿಗೆ 8 ಎಂಬಿ. ಈ ಗುಂಪಿನ ಕೋರ್‌ಗೆ ಆ ಗುಂಪಿನ ಮಾಹಿತಿ ಬೇಕಾದರೆ ಫ್ಯಾಬ್ರಿಕ್ ದಾಟಿ ಹೋಗಬೇಕು. 2020ರ ನವೆಂಬರ್‌ನಲ್ಲಿ ಬಂದ ಎಎಂಡಿಯ ಝೆನ್ 3 ಪೀಳಿಗೆ ಈ ಗೋಡೆಯನ್ನು ಒಡೆಯಿತು. ಎಂಟು ಕೋರ್‌ಗಳ ತನಕ ಒಂದೇ ಗುಂಪು, ಎಲ್ಲರಿಗೂ ಸೇರಿ 32 ಎಂಬಿ. ಆ ಪೀಳಿಗೆ ಆಟಗಳಲ್ಲಿ ಅಷ್ಟು ಮುಂದೆ ಹೋಗಲು ಇದೊಂದು ದೊಡ್ಡ ಕಾರಣ. ಆಮೇಲೆ 2022ರ ಏಪ್ರಿಲ್‌ನಲ್ಲಿ ರೈಜನ್ 7 5800ಎಕ್ಸ್3ಡಿ ಬಂತು. ಚಿಪ್ ಮೇಲೆ ಇನ್ನೊಂದು ಪದರ ಕೂರಿಸಿ ಮತ್ತೆ 64 ಎಂಬಿ ಸೇರಿಸಿದರು, ಒಟ್ಟು 96. ಹೆಸರಿನ ಕೊನೆಯ '3ಡಿ' ಹೇಳುವುದು ಈ ಪದರವನ್ನೇ.

ಮುಂದಿದ್ದ ದಾರಿಗಳು

ಅವನ ಪಟ್ಟಿಗೆ ವಾಪಸ್ ಬಂದೆವು. 7600 ಮತ್ತು 9600ಎಕ್ಸ್ ಎಎಂ5 ಸಾಕೆಟ್‌ನವು. ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಎರಡರಲ್ಲೂ 6 ಕೋರ್, 12 ಥ್ರೆಡ್, 32 ಎಂಬಿ ಎಲ್3. ಈ ಸಾಕೆಟ್ ಡಿಡಿಆರ್5 ರ್ಯಾಮ್ ಮಾತ್ರ ಒಪ್ಪುತ್ತದೆ. ಹಾಗಾಗಿ ಪ್ರೊಸೆಸರ್, ಬೋರ್ಡ್, ರ್ಯಾಮ್ ಮೂರೂ ಹೊಸದು. ಮುಂದೆ 2027ರ ತನಕ ಅಥವಾ ಅದರಾಚೆಗೂ ಇದೇ ಸಾಕೆಟ್‌ಗೆ ಹೊಸ ಪ್ರೊಸೆಸರ್ ತರುತ್ತೇವೆ ಅಂತ ಎಎಂಡಿ ಹೇಳಿದೆ. ಮೊದಲಿಂದ ಕಂಪ್ಯೂಟರ್ ಕಟ್ಟುವವರಿಗೆ ನಾನು ಕಣ್ಣುಮುಚ್ಚಿ 7600 ಹೇಳುತ್ತೇನೆ. 65 ವಾಟ್‌ನ ಪ್ರೊಸೆಸರ್, ಕೂಲರ್ ಜೊತೆಗೇ ಬರುತ್ತದೆ. ಆದರೆ ಈ ಹುಡುಗನ ಬಳಿ ಬೋರ್ಡ್ ಇದೆ, ರ್ಯಾಮ್ ಇದೆ, ಎರಡೂ ಚೆನ್ನಾಗಿವೆ.

ಐ5-14600ಕೆಯನ್ನು ಬೇಗ ಬಿಟ್ಟೆವು. 14 ಕೋರ್ ಇವೆ ನಿಜ, ಆಟದಲ್ಲಿ ವೇಗವೂ ಹೌದು. ಆದರೆ ಪೂರ್ತಿ ದುಡಿಯುವಾಗ ಅದರ ವಿದ್ಯುತ್ ಮಿತಿ 181 ವಾಟ್. ಒಳ್ಳೆಯ ಕೂಲರ್ ಬೇಕು. ಅದರ ಎಲ್‌ಜಿಎ1700 ಸಾಕೆಟ್‌ನ ಜಾಗಕ್ಕೆ 2024ರ ಅಕ್ಟೋಬರ್‌ನಲ್ಲಿ ಎಲ್‌ಜಿಎ1851 ಬಂದಾಯಿತು. 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳು ವೋಲ್ಟೇಜ್ ತೊಂದರೆಯಿಂದ ಅಸ್ಥಿರವಾಗುತ್ತಿದ್ದ ವಿಷಯವೂ ಅದೇ ವರ್ಷ ದೊಡ್ಡದಾಗಿತ್ತು. ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ) ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಸರಿಪಡಿಸಿದ ಬಯೋಸ್ ಹಾಕಿಕೊಂಡರೆ ಸಾಕು. ಆದರೂ ಮುಂದೆ ದಾರಿಯಿಲ್ಲದ ಸಾಕೆಟ್‌ಗೆ ಹೊಸ ಬೋರ್ಡ್ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಡಿಡಿಆರ್4 ಬೋರ್ಡ್ ಜೊತೆ ಐ5-12400ಎಫ್ ಹಾಕಿ ರ್ಯಾಮ್ ಉಳಿಸಿಕೊಳ್ಳಬಹುದಿತ್ತು. ಅದಕ್ಕೂ ಇದೇ ಮಾತು.

ಪಟ್ಟಿಯಲ್ಲಿ ಇಲ್ಲದ ದಾರಿಯೇ ಹತ್ತಿರದ್ದಾಗಿತ್ತು. ಅವನ ಬಿ450 ಬೋರ್ಡ್ ಎಎಂ4 ಸಾಕೆಟ್‌ನದು. ಬಯೋಸ್ ನವೀಕರಿಸಿದರೆ ಅದೇ ಬೋರ್ಡ್ ಝೆನ್ 3 ಪ್ರೊಸೆಸರ್‌ಗಳನ್ನು ಒಪ್ಪುತ್ತದೆ. 2020ರ ಮೇ ತಿಂಗಳಲ್ಲಿ ಎಎಂಡಿ ಮೊದಲು 400 ಸರಣಿಯ ಬೋರ್ಡ್‌ಗಳಿಗೆ ಝೆನ್ 3 ಕೊಡುವುದಿಲ್ಲ ಅಂದಿತ್ತು. ಬಳಕೆದಾರರು ಸಿಟ್ಟಾದರು, ಅದೇ ತಿಂಗಳಲ್ಲಿ ಕಂಪನಿ ಮಾತು ಬದಲಿಸಿತು. ಆ ಜನ ಅವತ್ತು ಸುಮ್ಮನಿದ್ದಿದ್ದರೆ ಇಂಥ ಎಷ್ಟು ಬೋರ್ಡ್‌ಗಳು ಕಸಕ್ಕೆ ಹೋಗುತ್ತಿದ್ದವೋ. ಅವರನ್ನು ನೆನೆದಾಗ ನನಗೆ ನಿಜವಾಗಿ ಖುಷಿಯಾಗುತ್ತದೆ.

ಎಎಂ4ನಲ್ಲಿ ಎರಡು ಆಯ್ಕೆ ಉಳಿದವು: ರೈಜನ್ 5 5600 ಮತ್ತು ರೈಜನ್ 7 5700ಎಕ್ಸ್3ಡಿ. ಎರಡೂ ಝೆನ್ 3 ಪೀಳಿಗೆಯವು, ಎರಡನೆಯದರಲ್ಲಿ ಆ ಕ್ಯಾಶ್ ಪದರವೂ ಇದೆ. ಇಲ್ಲಿ ಹೆಸರಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. 5500, 5600ಜಿ, 5600 ಮೂರೂ ಪಕ್ಕಪಕ್ಕದಲ್ಲಿ ಕಾಣುತ್ತವೆ, ಮೂರರಲ್ಲೂ 6 ಕೋರ್. ಆದರೆ ಮೊದಲೆರಡರಲ್ಲಿ ಎಲ್3 ಬರೀ 16 ಎಂಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಆಟದ ಕಂಪ್ಯೂಟರ್‌ಗೆ 5600 ಬೇಕಾದಲ್ಲಿ 5500 ಬಂದರೆ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಪೆಟ್ಟಿಗೆಯ ಮೇಲಿನ ಅಕ್ಷರ, ಅಂಕಿ ಪೂರ್ತಿ ಓದಿ.

5600 ಬೇಕೋ, 5700ಎಕ್ಸ್3ಡಿ ಬೇಕೋ

ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದಾಗ ಅವನ ಮುಖ ಸಪ್ಪಗಾಯಿತು. "5700ಎಕ್ಸ್3ಡಿ 4.1 ಗಿಗಾಹರ್ಟ್ಸ್ ಅಷ್ಟೇನಾ ಅಣ್ಣಾ? ನನ್ನ ಹಳೇದೇ 3.9 ಇದೆ. 5600ರಲ್ಲಿ 4.4 ಇದೆಯಲ್ಲ, ಬೆಲೆನೂ ಕಡಿಮೆ."

ಅಂಕಿ ಸರಿಯೇ. ಕ್ಯಾಶ್ ಪದರ ಮೇಲೆ ಕೂತಿರುವುದರಿಂದ 3ಡಿ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಮತ್ತು ಬಿಸಿ ಎರಡನ್ನೂ ಹಿಡಿತದಲ್ಲಿಡಬೇಕಾಗುತ್ತದೆ, ಹಾಗಾಗಿ ವೇಗ ಸ್ವಲ್ಪ ಇಳಿಸಿರುತ್ತಾರೆ. ಫೋಟೋ ತಿದ್ದುವುದು, ಕೋಡ್ ಕಂಪೈಲ್ ಮಾಡುವುದು ಮುಖ್ಯ ಕೆಲಸವಾಗಿದ್ದರೆ ಕ್ಯಾಶ್‌ಗೆಂದು ಹೆಚ್ಚು ಕೊಡುವುದು ದಂಡ. ಆದರೆ ನಾವು ಈಗಾಗಲೇ ಅಳೆದು ನೋಡಿದ್ದೆವು. ಅವನ ಆಟದ ಕಾಯಿಲೆ ರ್ಯಾಮ್‌ಗಾಗಿ ಕಾಯುವುದು. 4.1ರಲ್ಲಿ ಓಡುತ್ತಾ ಕಡಿಮೆ ಕಾಯುವ ಕೋರ್, 4.4ರಲ್ಲಿ ಓಡಿ ಓಡಿ ನಿಲ್ಲುವ ಕೋರ್‌ಗಿಂತ ಮುಂದೆ ಹೋಗುತ್ತದೆ.

ಇದರ ಜೊತೆ ಅವನು ಫ್ಯಾಕ್ಟೋರಿಯೊ ಕೂಡ ಆಡುತ್ತಾನೆ. ದೊಡ್ಡ ಕಾರ್ಖಾನೆ ಕಟ್ಟಿದಾಗ ಸಾವಿರಾರು ಯಂತ್ರಗಳ ಸ್ಥಿತಿಯನ್ನು ಪ್ರತಿ ಕ್ಷಣ ಲೆಕ್ಕ ಹಾಕಬೇಕಾದ ಆಟ ಅದು. ದೊಡ್ಡ ಕ್ಯಾಶ್‌ನಿಂದ ತುಂಬಾ ಲಾಭ ಪಡೆಯುವ ಆಟಗಳ ಸಾಲಿನಲ್ಲಿ ಅದೂ ಇದೆ. ಸೈಬರ್‌ಪಂಕ್‌ನಂಥ ಆಟ ಮಾತ್ರ ಆಡುವವನಾಗಿದ್ದರೆ, ಈ ಗ್ರಾಫಿಕ್ಸ್ ಕಾರ್ಡಿನ ಜೊತೆ ಎರಡು ಪ್ರೊಸೆಸರ್‌ಗಳ ನಡುವೆ ವ್ಯತ್ಯಾಸ ಹುಡುಕುವುದೇ ಕಷ್ಟ. ಆಗ ನಾನೇ 5600 ಸಾಕು ಅನ್ನುತ್ತಿದ್ದೆ.

ಇನ್ನೂ ಒಂದು ಲೆಕ್ಕ ಇತ್ತು, ಕೊನೆಗೆ ತಕ್ಕಡಿ ವಾಲಿಸಿದ್ದು ಅದೇ. ಹೊಸ ಸಾಕೆಟ್‌ಗೆ ಮೊದಲ ಪ್ರೊಸೆಸರ್ ಹಾಕುವಾಗ ಸಾಧಾರಣದ್ದು ಸಾಕು, ಮುಂದೆ ಅದೇ ಬೋರ್ಡಿನಲ್ಲಿ ಬದಲಾಯಿಸಬಹುದು. ಎಎಂ4 ಹಾಗಲ್ಲ. ಇದು ಆ ಬೋರ್ಡಿಗೆ ಹಾಕುವ ಕೊನೆಯ ಪ್ರೊಸೆಸರ್. ಇದರ ನಂತರದ ಬದಲಾವಣೆ ಅಂದರೆ ಬೋರ್ಡ್, ರ್ಯಾಮ್, ಪ್ರೊಸೆಸರ್ ಮೂರೂ. ಆ ದಿನವನ್ನು ಎಷ್ಟು ವರ್ಷ ಮುಂದೂಡಬಹುದೋ ಅಷ್ಟು ಲಾಭ. 5600 ಹಾಕಿ ಎರಡು ವರ್ಷಕ್ಕೆ ಮತ್ತೆ ಸಾಲದು ಅನ್ನಿಸಿದರೆ ಉಳಿಸಿದ ಹಣ ಉಳಿಸಿದಂತಾಗುವುದಿಲ್ಲ. 5700ಎಕ್ಸ್3ಡಿಗೆ ಜಾಸ್ತಿ ಕೊಟ್ಟರೂ, ಹೊಸ ಬೋರ್ಡ್ ಮತ್ತು ರ್ಯಾಮ್ ಸೇರಿದ ಮೊತ್ತಕ್ಕಿಂತ ಅದು ಎಷ್ಟೋ ಕೆಳಗಿತ್ತು. ಅವನೂ ಒಪ್ಪಿದ.

ಜೋಡಿಸುವಾಗ

ಕ್ರಮ ತಪ್ಪಿದರೆ ಇಲ್ಲಿ ಕಷ್ಟ. ಹಳೆಯ ಪ್ರೊಸೆಸರ್ ಒಳಗಿರುವಾಗಲೇ ಬಯೋಸ್ ನವೀಕರಿಸಬೇಕು. ಮೊದಲೇ ಹೊಸದನ್ನು ಕೂರಿಸಿದರೆ ಹಳೆಯ ಬಯೋಸ್‌ಗೆ ಅದರ ಗುರುತು ಸಿಗುವುದಿಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ತಯಾರಕರ ತಾಣದಲ್ಲಿ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. 5700ಎಕ್ಸ್3ಡಿ ಬಂದದ್ದು 2024ರ ಜನವರಿಯಲ್ಲಿ, ಆದ್ದರಿಂದ ಬಯೋಸ್ ಆವೃತ್ತಿ ಯಾವುದು ಎಂದು ಆ ಪಟ್ಟಿಯಲ್ಲೇ ನೋಡಿಕೊಂಡೆವು.

ವಿಂಡೋಸ್‌ನಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಅದನ್ನು ತೆರೆಯುವ ಬಿಟ್‌ಲಾಕರ್ ರಿಕವರಿ ಕೀಯನ್ನು ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ. ರೈಜನ್‌ನಲ್ಲಿ ಟಿಪಿಎಂ ಎಂಬ ಭದ್ರತಾ ಭಾಗ ಪ್ರೊಸೆಸರ್ ಜೊತೆಗೇ ಬೆಸೆದುಕೊಂಡಿರುತ್ತದೆ. ಪ್ರೊಸೆಸರ್ ಬದಲಾದಾಗ ವಿಂಡೋಸ್ ಆ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡ್ರೈವ್‌ನಲ್ಲಿರುವುದೆಲ್ಲ ಕೈತಪ್ಪುತ್ತದೆ. ಇದನ್ನು ಯಾರೂ ಹಗುರವಾಗಿ ತಗೊಳ್ಳಬೇಡಿ.

ಕೂಲರ್ ತೆಗೆಯುವಾಗಲೂ ಜೋಪಾನ. ಎಎಂ4 ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗೇ ಇರುತ್ತವೆ. ವರ್ಷಗಳ ಹಿಂದಿನ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಕೂಲರ್ ಜೊತೆಗೇ ಬರುತ್ತದೆ, ಪಿನ್ ಬಾಗುತ್ತವೆ. ಸ್ವಲ್ಪ ಹೊತ್ತು ಆಟ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿದೆವು.

5700ಎಕ್ಸ್3ಡಿ ಜೊತೆ ಕೂಲರ್ ಬರುವುದಿಲ್ಲ. 2600ರ ಜೊತೆ ಬಂದಿದ್ದ ಪುಟ್ಟ ಕೂಲರ್ 65 ವಾಟ್‌ನ ಪ್ರೊಸೆಸರ್‌ಗೆಂದು ಮಾಡಿದ್ದು, ಇದು 105 ವಾಟ್ ದರ್ಜೆಯದು. ಆಟಗಳಲ್ಲಿ ಅಷ್ಟೆಲ್ಲ ಎಳೆಯುವುದಿಲ್ಲ, ಆದರೆ ಬಿಸಿ ಮಿತಿ 90 ಡಿಗ್ರಿ ಮಾತ್ರ, ಮೇಲಿನ ಪದರ ದಾಟಿ ಬಿಸಿ ಹೊರಬರಬೇಕು. ಹಾಗಾಗಿ ಒಂದೇ ಫ್ಯಾನಿನ ಸಾಧಾರಣ ಟವರ್ ಕೂಲರ್ ಹಾಕಿದೆವು. ಅಷ್ಟು ಸಾಕು, ನೀರಿನ ಕೂಲರ್ ಬೇಕಿಲ್ಲ. ಆನ್ ಆದ ಮೇಲೆ ರ್ಯಾಮನ್ನು ಅದರ ಪೂರ್ತಿ 3200ಕ್ಕೆ ಏರಿಸಿದೆವು. ಹೊಸ ಪ್ರೊಸೆಸರ್‌ನ ಅಧಿಕೃತ ಮಿತಿಯೂ ಅದೇ.

ಬದಲಾದದ್ದು, ಬದಲಾಗದ್ದು

ಅದೇ ಮ್ಯಾಪ್, ಅದೇ ಸೆಟ್ಟಿಂಗ್. ಕೌಂಟರ್-ಸ್ಟ್ರೈಕ್‌ನಲ್ಲಿ ಸರಾಸರಿ 200 ದಾಟಿತು. ಅದಕ್ಕಿಂತ ನನಗೆ ಬೇಕಾಗಿದ್ದ ಅಂಕಿ, ಆ ನಿಧಾನದ ಶೇ. 1, 80ರಿಂದ 120ರ ಮೇಲಕ್ಕೆ ಬಂತು. 144ಕ್ಕೆ ಸ್ವಲ್ಪ ಕೆಳಗೆ, 140ಕ್ಕೆ ಮಿತಿ ಹಾಕಿದೆವು. ಈಗ ಹೊಗೆ ಬಾಂಬ್ ಬಿದ್ದಾಗಲೂ ಫ್ರೇಮ್ ಸಮಯದ ಗೆರೆ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ಫ್ಯಾಕ್ಟೋರಿಯೊದಲ್ಲಿ ತೆವಳುತ್ತಿದ್ದ ಅವನ ಹಳೆಯ ಕಾರ್ಖಾನೆ ಮತ್ತೆ ಪೂರ್ತಿ ವೇಗದಲ್ಲಿ ಓಡಿತು.

ಸೈಬರ್‌ಪಂಕ್‌ನಲ್ಲಿ ಸರಾಸರಿ ಹೆಚ್ಚು ಬದಲಾಗಲಿಲ್ಲ. ಮೊದಲ ದಿನವೇ ಗೊತ್ತಿದ್ದ ವಿಷಯ ಅದು, ಅಲ್ಲಿ ಮಿತಿ ಕಾರ್ಡಿನದು. ಜನಜಂಗುಳಿಯ ಬೀದಿಗಳಲ್ಲಿ ಕಾರು ಓಡಿಸುವಾಗ ಬರುತ್ತಿದ್ದ ಜರ್ಕ್ ಮಾತ್ರ ಕಡಿಮೆಯಾಯಿತು.

ಬೋರ್ಡ್ ಹಳೆಯದಾದ್ದರಿಂದ ಒಂದು ಕೊರತೆ ಉಳಿದೇ ಇದೆ. ಆರ್‌ಟಿಎಕ್ಸ್ 4060 ಬಳಸುವುದು ಪಿಸಿಐಇ ಎಂಬ, ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಸಂಪರ್ಕದ 8 ಲೇನ್ (ದಾರಿ) ಮಾತ್ರ. ಬಿ450 ಬೋರ್ಡಿನಲ್ಲಿ ಅದು 3.0 ವೇಗದಲ್ಲೇ ಓಡುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. 4.0 ಬೋರ್ಡಿನಲ್ಲಾದರೆ ಇದರ ಎರಡರಷ್ಟು. ಕಾರ್ಡಿನ 8 ಜಿಬಿ ಮೆಮೊರಿಯೊಳಗೆ ಆಟ ಹಿಡಿದರೆ ಇದು ಗೊತ್ತೇ ಆಗುವುದಿಲ್ಲ. ತುಂಬಿ ಹೊರಚೆಲ್ಲಿದಾಗ ಗೊತ್ತಾಗುತ್ತದೆ. ಅದಕ್ಕೆ ಸೈಬರ್‌ಪಂಕ್‌ನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ) ಗುಣಮಟ್ಟ ಒಂದು ಮೆಟ್ಟಿಲು ಇಳಿಸಿಟ್ಟೆವು. ಮುಂದೆ ಅವನು ಹಣ ಕೂಡಿಸಿದಾಗ ನೋಡಬೇಕಾದದ್ದು ಗ್ರಾಫಿಕ್ಸ್ ಕಾರ್ಡ್, ಅದರಲ್ಲೂ 16 ಲೇನ್ ಬಳಸುವ, 8 ಜಿಬಿಗಿಂತ ಹೆಚ್ಚು ಮೆಮೊರಿಯ ಕಾರ್ಡ್. ಅಲ್ಲಿಯವರೆಗೆ ಪ್ರೊಸೆಸರ್ ತಂಟೆಗೆ ಹೋಗುವ ಕೆಲಸವಿಲ್ಲ.